ಊರು ಕಟ್ಟಿದವನ ಪುಸ್ತಕಕ್ಕೇ ಬೆಂಕಿ: ಯಾರು ಈ ವಿಲಿಯಂ ಪಿಂಚನ್?

1640ನೇ ಇಸವಿ. ಅಮೆರಿಕದ ಕನೆಕ್ಟಿಕಟ್ ನದಿ ದಡದಲ್ಲಿ ಒಂದು ಪುಟ್ಟ ಊರು. ಗ್ರೆಗರಿಯವರ ಮನೆಯಾಕೆ ಸಿಟ್ಟಿನ ಭರದಲ್ಲಿ ‘ದೇವರಾಣೆಗೂ ನಿನ್ನ ತಲೆ ಒಡೆದುಬಿಡ್ತೀನಿ’ ಅಂದುಬಿಟ್ಟಳು. ತಲೆಯೇನೂ ಒಡೆಯಲಿಲ್ಲ. ಆದರೂ ಕೇಳಿಸಿಕೊಂಡ ಇಬ್ಬರು ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಆಕೆ ತಪ್ಪೊಪ್ಪಿಕೊಂಡಳು. ಬಡವರ ನಿಧಿಗೆ 12 ಪೆನ್ನಿ ದಂಡ, ತಿಂಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಮರದ ಹಲಗೆಯ ತೂತಿನಲ್ಲಿ ಕಾಲು ಸಿಕ್ಕಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ ಮೂರು ಗಂಟೆ ಕೂರಬೇಕು. ಇಲ್ಲಿ ಅಪರಾಧ ತಲೆ ಒಡೆಯುವ ಬೆದರಿಕೆಯಲ್ಲ. ದೇವರ ಹೆಸರನ್ನು ಜಗಳಕ್ಕೆ ಎಳೆದು ತಂದಿದ್ದು.

ಈ ತೀರ್ಪು ಕೊಟ್ಟು ತನ್ನ ದಾಖಲೆ ಪುಸ್ತಕದಲ್ಲಿ ಬರೆದಿಟ್ಟವನು ವಿಲಿಯಂ ಪಿಂಚನ್. ಊರು ಕಟ್ಟಿದವನೂ ಅವನೇ. ಹತ್ತು ವರ್ಷ ಕಳೆಯಿತು. 1650ರಲ್ಲಿ ಬಾಸ್ಟನ್ನಿನ ಮಾರ್ಕೆಟ್ ಚೌಕದಲ್ಲಿ ಒಂದು ಪುಸ್ತಕವನ್ನು ಸುಡಬೇಕೆಂದು ಸರ್ಕಾರ ಆದೇಶ ಮಾಡಿತು. ಸುಡುವ ಕೆಲಸ ಒಪ್ಪಿಸಿದ್ದು ಗಲ್ಲಿಗೇರಿಸುವವನಿಗೆ. ಆ ಪುಸ್ತಕ ಬರೆದವನೂ ಇದೇ ಪಿಂಚನ್.

ಅಮೆರಿಕದ ಶಾಲೆಗಳ ಲೈಬ್ರರಿಯಿಂದ ಪುಸ್ತಕ ತೆಗೆದುಹಾಕಿದ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ‘ಅಲ್ಲಿ ಮೊದಲು ನಿಷೇಧಿಸಿದ ಪುಸ್ತಕ ಯಾವುದು’ ಎಂದು ಹುಡುಕಿದವರಿಗೆ ಪಿಂಚನ್ ಹೆಸರು ಸಿಗುತ್ತದೆ. ಮ್ಯಾಸಚೂಸೆಟ್ಸ್ ಕಡೆ ಇರುವ ನಮ್ಮವರ ಮಕ್ಕಳು ಶಾಲೆಯಿಂದ ‘ಪ್ಯೂರಿಟನ್’, ‘ಪಿಲ್ಗ್ರಿಮ್’ ಅನ್ನುವ ಪದಗಳನ್ನು ಮನೆಗೆ ತರುತ್ತಾರೆ. ಊರಿಂದ ಹೋದ ಅಜ್ಜಿ-ತಾತಂದಿರಿಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಅಂಥವರಿಗೆಂದೇ ಬುಡದಿಂದ ಹೇಳುತ್ತೇನೆ.

ಪ್ಯೂರಿಟನ್ ಅಂದರೆ ಯಾರು?

1534ರಲ್ಲಿ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಂಡ. ಇಂಗ್ಲೆಂಡಿನ ಚರ್ಚಿಗೆ ತಾನೇ ಯಜಮಾನ ಅಂದ. ಯಜಮಾನ ಬದಲಾದರೂ ಹಳೆಯ ಆಚರಣೆಗಳಲ್ಲಿ ಎಷ್ಟೋ ಹಾಗೇ ಉಳಿದವು. ಪಾದ್ರಿಗಳ ನಿಲುವಂಗಿ, ಬಿಷಪ್‌ಗಳ ದರ್ಬಾರು, ಹಬ್ಬಗಳ ಪಟ್ಟಿ. ‘ಇದೆಲ್ಲ ಬೈಬಲ್ಲಿನಲ್ಲಿ ಇಲ್ಲ, ತೊಳೆದು ಶುದ್ಧ ಮಾಡಿ’ ಎಂದು ಹಟ ಹಿಡಿದವರೇ ಪ್ಯೂರಿಟನ್ನರು. ‘ಪ್ಯೂರ್’ ಅನ್ನುವುದರಿಂದಲೇ ಆ ಹೆಸರು. ಮೊದಮೊದಲು ಅದು ಆಡಿಕೊಳ್ಳಲು ಇಟ್ಟ ಹೆಸರು. ‘ಮಹಾ ಮಡಿವಂತರು ಬಂದ್ರು ನೋಡು’ ಅಂತೀವಲ್ಲ, ಆ ಥರ.

ಇವರಲ್ಲೂ ಎರಡು ಗುಂಪು. ಈ ಚರ್ಚು ರಿಪೇರಿ ಆಗಲ್ಲ ಎಂದು ಹೊರಗೆ ಬಂದವರು ಒಂದು ಗುಂಪು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಹೋದ ಪಿಲ್ಗ್ರಿಮ್‌ಗಳು ಈ ಗುಂಪಿನವರು. ಮನೆ ನಮ್ಮದೇ, ಒಳಗಿದ್ದುಕೊಂಡೇ ಸರಿಮಾಡೋಣ ಎಂದವರು ಇನ್ನೊಂದು ಗುಂಪು. 1630ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತು ಕಟ್ಟಿದವರು ಇವರು. ಪಿಂಚನ್ ಈ ಎರಡನೆಯ ಗುಂಪಿನವನು.

ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಜಾಸ್ತಿ ಇದೆ. ಇವರು ‘ಧಾರ್ಮಿಕ ಸ್ವಾತಂತ್ರ್ಯ’ ಹುಡುಕಿಕೊಂಡು ಹೋದವರು ಅನ್ನುವುದು. ತಮಗೆ ಸರಿ ಕಂಡ ಹಾಗೆ ಬದುಕುವ ಜಾಗ ಹುಡುಕಿ ಹೋದರು, ಅದು ನಿಜ. ಆದರೆ ಆ ಜಾಗದಲ್ಲಿ ಬೇರೆಯವರಿಗೆ ಸರಿ ಕಂಡ ಹಾಗೆ ಬದುಕಲು ಬಿಡಬೇಕು ಅನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಬೇರೆ ಮಾತಾಡಿದ ರೋಜರ್ ವಿಲಿಯಮ್ಸ್‌ನನ್ನು, ಆಮೇಲೆ ಆನ್ ಹಚಿನ್ಸನ್‌ಳನ್ನು ಗಡಿಪಾರು ಮಾಡಿದ್ದೂ ಇವರೇ.

ಸನ್ನದು ಹಿಡಿದು ಹಡಗು ಹತ್ತಿದವನು

ಪಿಂಚನ್ ಹುಟ್ಟಿದ್ದು 1590ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ಜಿಲ್ಲೆಯ ಸ್ಪ್ರಿಂಗ್‌ಫೀಲ್ಡ್ ಅನ್ನುವ ಹಳ್ಳಿಯಲ್ಲಿ. ಅನುಕೂಲಸ್ಥರ ಮನೆ. ಹಳ್ಳಿಯ ಚರ್ಚಿನ ಆಡಳಿತವನ್ನೂ ನೋಡಿಕೊಂಡವನು.

1629ರಲ್ಲಿ ರಾಜ ಒಂದನೇ ಚಾರ್ಲ್ಸ್ ಮ್ಯಾಸಚೂಸೆಟ್ಸ್ ಬೇ ಕಂಪನಿಗೆ ಸನ್ನದು ಕೊಟ್ಟ. ಸನ್ನದು ಅಂದರೆ ‘ಈ ಪ್ರದೇಶದಲ್ಲಿ ನೀವು ವ್ಯಾಪಾರ ಮಾಡಿ, ಜನರನ್ನು ನೆಲೆಗೊಳಿಸಿ, ಆಡಳಿತ ನಡೆಸಿ’ ಅನ್ನುವ ರಾಜಮುದ್ರೆಯ ಅಪ್ಪಣೆ. ನಮ್ಮಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿ ಕೈಯಲ್ಲಿದ್ದದ್ದೂ ಇಂಥದೇ ಕಾಗದ. ಮ್ಯಾಸಚೂಸೆಟ್ಸಿನ ಸನ್ನದಿನಲ್ಲಿ ಹೆಸರಿದ್ದವರಲ್ಲಿ ಪಿಂಚನ್ ಒಬ್ಬ. ಈ ಕಂಪನಿಯವರು ಒಂದು ಜಾಣತನ ಮಾಡಿದರು. ಸನ್ನದನ್ನು ಲಂಡನ್ನಿನಲ್ಲಿ ಬಿಡದೆ ಹಡಗಿನಲ್ಲಿ ಜೊತೆಗೇ ಒಯ್ದರು. ಕಾಗದ ಕೈಯಲ್ಲಿದ್ದರೆ ಅಧಿಕಾರವೂ ಕೈಯಲ್ಲಿ, ಅಲ್ವಾ?

1630ರಲ್ಲಿ ಜಾನ್ ವಿಂಥ್ರಾಪ್ ಮುಂದಾಳತ್ವದಲ್ಲಿ 11 ಹಡಗುಗಳು ಹೊರಟವು. ಪಿಂಚನ್ ಹೆಂಡತಿ-ಮಕ್ಕಳ ಸಮೇತ ಹೋದ. ತಲುಪಿದ ಸ್ವಲ್ಪ ದಿನಕ್ಕೇ ಹೆಂಡತಿ ತೀರಿಕೊಂಡಳು. ಮುಂದೆ ಫ್ರಾನ್ಸಿಸ್ ಅನ್ನುವ ವಿಧವೆಯನ್ನು ಮದುವೆಯಾದ. ಆಕೆಗೆ ಹೆನ್ರಿ ಸ್ಮಿತ್ ಎಂಬ ಮಗನಿದ್ದ. ಆ ಹುಡುಗ ಪಿಂಚನ್ ಮಗಳು ಆನ್‌ಳನ್ನು ಮದುವೆಯಾದ. ಹಾಗಾಗಿ ಹೆನ್ರಿ ಒಟ್ಟೊಟ್ಟಿಗೇ ಮಲಮಗನೂ ಹೌದು, ಅಳಿಯನೂ ಹೌದು. ಈ ಹೆಸರು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಮೊದಲು ಪಿಂಚನ್ ಕಟ್ಟಿದ್ದು ಬಾಸ್ಟನ್ ಪಕ್ಕದ ರಾಕ್ಸ್‌ಬರಿ. ಈಗ ಅದು ಬಾಸ್ಟನ್ನಿನ ಒಂದು ಬಡಾವಣೆ. ವಸಾಹತಿನ ಖಜಾಂಚಿಯೂ ಆಗಿದ್ದ. ಆದರೆ ಅವನ ಕಣ್ಣು ಪಶ್ಚಿಮದ ಕಡೆಗಿತ್ತು.

ಒಂದು ಟೋಪಿಯ ಹಿಂದೆ

ಆಗ ಯುರೋಪಿನ ದೊಡ್ಡ ಮನುಷ್ಯರಿಗೆಲ್ಲ ಬೀವರ್ ತುಪ್ಪಳದ ಟೋಪಿಯ ಹುಚ್ಚು. ಬೀವರ್ ಅಂದರೆ ನೀರಲ್ಲಿ ಮರ ಕಡಿದು ಕಟ್ಟೆ ಕಟ್ಟಿಕೊಂಡು ಬದುಕುವ, ಇಲಿಯ ಬಳಗದ ದೊಡ್ಡ ಪ್ರಾಣಿ. ಅದರ ಮೇಲ್ಗೂದಲಿನ ಕೆಳಗೆ ಮೆತ್ತನೆಯ ಒಳತುಪ್ಪಳ ಇರುತ್ತದೆ. ಅದನ್ನು ಹಬೆಯಲ್ಲಿ ಒತ್ತಿದರೆ ಮಳೆಗೂ ಆಕಾರ ಕೆಡದ ಗಟ್ಟಿ ಬಟ್ಟೆಯಾಗುತ್ತದೆ. ಯುರೋಪಿನಲ್ಲಿ ಬೀವರ್ ಬೇಟೆಯಾಡಿ ಮುಗಿಸುತ್ತಾ ಬಂದಿದ್ದರು. ಅಮೆರಿಕದಲ್ಲಿ ಬೇಕಾದಷ್ಟಿತ್ತು.

ತೊಗಲು ತರುತ್ತಿದ್ದವರು ಅಲ್ಲಿನ ಮೂಲನಿವಾಸಿಗಳು. ಉತ್ತರದ ಕಾಡುಗಳಿಂದ ಕನೆಕ್ಟಿಕಟ್ ನದಿಯಲ್ಲಿ ದೋಣಿ ಹಾಕಿಕೊಂಡು ಕೆಳಗೆ ಬರುತ್ತಿದ್ದರು. ಸಮುದ್ರದಿಂದ ಮೇಲೆ ಬರುವ ದೊಡ್ಡ ಹಡಗುಗಳು ಎನ್‌ಫೀಲ್ಡ್ ಅಬ್ಬಿಯ ತನಕ ಮಾತ್ರ ಬರಬಲ್ಲವು. ಅಲ್ಲಿಂದ ಮುಂದೆ ಬಂಡೆ, ರಭಸ. ಪಿಂಚನ್ ಆರಿಸಿದ್ದು ಸರಿಯಾಗಿ ಆ ಅಬ್ಬಿಯ ಮೇಲ್ಗಡೆಯ ಜಾಗ. ಕೆಳಗಿನ ಹಾರ್ಟ್‌ಫರ್ಡ್, ವಿಂಡ್ಸರ್‌ನವರಿಗೆ ಸಿಗುವ ಮೊದಲೇ ತೊಗಲು ಇವನ ಅಂಗಡಿ ಮುಂದೆ ಹಾದುಹೋಗಬೇಕು. ಹೆದ್ದಾರಿಯ ತಿರುವಿನಲ್ಲೇ ಹೋಟೆಲ್ ಇಟ್ಟ ಹಾಗೆ. ಅಬ್ಬಿಯ ಕೆಳಗೊಂದು ಉಗ್ರಾಣ ಕಟ್ಟಿಸಿ, ಅಲ್ಲಿಯವರೆಗೆ ಗಾಡಿಯಲ್ಲಿ ಸಾಮಾನು ಸಾಗಿಸಿ, ಅಲ್ಲಿಂದ ಹಡಗಿಗೆ ಏರಿಸುತ್ತಿದ್ದ. ಆ ಜಾಗಕ್ಕೆ ಇವತ್ತಿಗೂ ‘ವೇರ್‌ಹೌಸ್ ಪಾಯಿಂಟ್’ ಅಂತಲೇ ಹೆಸರು.

ಊರು ಕಟ್ಟುವುದು ಅಂದರೆ

1636ರ ಮೇ 14ರಂದು ಪಿಂಚನ್ ಮತ್ತು ಏಳು ಜನ ಕೂತು ಒಂದು ಒಪ್ಪಂದ ಬರೆದರು. ಆದಷ್ಟು ಬೇಗ ಒಬ್ಬ ಒಳ್ಳೆಯ ಪಾದ್ರಿಯನ್ನು ಕರೆಸಬೇಕು, ಇದು ಮೊದಲನೆಯ ಮಾತು. ಊರಿನಲ್ಲಿ 40 ಸಂಸಾರ ಇರಬೇಕು, ಬಡವರು-ಶ್ರೀಮಂತರು ಸೇರಿ ಎಷ್ಟೇ ಆದರೂ 50 ದಾಟಬಾರದು. ಪ್ರತಿಯೊಬ್ಬರಿಗೂ ಮನೆ ಕಟ್ಟಲು ಜಾಗ, ಉಳುಮೆಗೆ ನೆಲ, ಹುಲ್ಲುಗಾವಲಿನಲ್ಲಿ ಪಾಲು. ಸುಮ್ನೆ ಹೋಗಿ ಕಂಡಲ್ಲಿ ಬೇಲಿ ಹಾಕಿಕೊಂಡದ್ದಲ್ಲ. ಲೇಔಟ್ ಮಾಡುವ ಮುಂಚೆ ಸೊಸೈಟಿ ಬೈಲಾ ಬರೆದ ಹಾಗೆ.

ಇಂಗ್ಲೆಂಡಿನ ರಾಜ ಸನ್ನದು ಕೊಟ್ಟದ್ದಾಯಿತು, ಇವರು ಒಪ್ಪಂದ ಬರೆದದ್ದೂ ಆಯಿತು. ಆದರೆ ನೆಲ ಯಾರದು? ಅಲ್ಲಿ ಆಗಲೇ ಅಗವಾಮ್ ಜನ ಇದ್ದರು. 1633-34ರಲ್ಲಿ ಬಂದ ಸಿಡುಬಿಗೆ ಆ ನದೀಕಣಿವೆಯ ಎಷ್ಟೋ ಜನ ಸತ್ತು, ಉಳಿದವರು ಕಡಿಮೆಯಾಗಿದ್ದರು. 1636ರ ಜುಲೈ 15ರಂದು ಪಿಂಚನ್ ಅವರಿಂದ ಕ್ರಯಪತ್ರ ಬರೆಸಿಕೊಂಡ. ಬೆಲೆ: 18 ಮಾರು ವಾಂಪಮ್, 18 ಕೋಟು, 18 ಕೊಡಲಿ, 18 ಗುದ್ದಲಿ, 18 ಚಾಕು.

ವಾಂಪಮ್ ಅಂದರೆ ಸಮುದ್ರದ ಚಿಪ್ಪನ್ನು ಉಜ್ಜಿ, ತೂತು ಕೊರೆದು ದಾರಕ್ಕೆ ಪೋಣಿಸಿದ ಬಿಳಿ ಮತ್ತು ನೇರಳೆ ಮಣಿ. ಅಗವಾಮ್‌ರಿಗೆ ಅದು ಗೌರವದ ಕಾಣಿಕೆ, ಒಪ್ಪಂದದ ಗುರುತು. ಇಂಗ್ಲಿಷರ ಕೈಯಲ್ಲಿ ಅದು ನಾಣ್ಯವಾಯಿತು. ನಮ್ಮಲ್ಲೂ ಕವಡೆ ಒಂದು ಕಾಲಕ್ಕೆ ದುಡ್ಡೇ ಆಗಿತ್ತು. ಈಗ ‘ಕವಡೆ ಕಾಸಿನ ಕಿಮ್ಮತ್ತು’ ಅನ್ನುವ ಬೈಗುಳದಲ್ಲಿ ಮಾತ್ರ ಉಳಿದಿದೆ. ಹೂವಾಡಗಿತ್ತಿ ಕೈ ಅಗಲಿಸಿ ಮಾರು ಅಳೆಯುತ್ತಾಳಲ್ಲ, ವಾಂಪಮ್ ಅಳೆಯುತ್ತಿದ್ದದ್ದೂ ಹಾಗೇ, ಮಾರಿನ ಲೆಕ್ಕದಲ್ಲಿ.

ಈ ಕ್ರಯಪತ್ರದ ಷರತ್ತುಗಳನ್ನು ನಿಧಾನವಾಗಿ ಓದಬೇಕು. ಅಗವಾಮ್‌ರು ಈಗಾಗಲೇ ಬಿತ್ತಿರುವ ಹೊಲ ಅವರದ್ದೇ. ಮೀನು, ಜಿಂಕೆ, ಆಕ್ರೋಟು, ಓಕ್ ಮರದ ಕಾಯಿ, ನೆಲದಡಿಯ ಗೆಡ್ಡೆ ಇವನ್ನೆಲ್ಲ ಅವರು ಮೊದಲಿನಂತೆ ತೆಗೆದುಕೊಳ್ಳಬಹುದು. ಇಂಗ್ಲಿಷರ ದನ ಅವರ ಜೋಳ ಮೇಯ್ದರೆ ನಷ್ಟ ಕಟ್ಟಿಕೊಡಬೇಕು. ಓಕ್ ಕಾಯಿ ಉದುರುವ ಕಾಲ ಬಿಟ್ಟು ಬೇರೆ ಹೊತ್ತಿನಲ್ಲಿ ಹಂದಿಗಳನ್ನು ಅಗವಾಮ್ ದಡಕ್ಕೆ, ಅಂದರೆ ನದಿಯ ಪಶ್ಚಿಮ ದಡಕ್ಕೆ, ಬಿಡಬಾರದು. ಪತ್ರದಲ್ಲಿ ಜಮೀನಿನ ಹಕ್ಕುದಾರರಾಗಿ ಇಬ್ಬರು ಹೆಂಗಸರ ಹೆಸರೂ ಇದೆ. ಆ ಕಾಲದ ಇಂಗ್ಲಿಷ್ ಪತ್ರಗಳಲ್ಲಿ ಇದು ಅಪರೂಪ.

ಮೇಯ್ದ ದನವನ್ನು ದೊಡ್ಡಿಗೆ ಹೊಡೆದು ದಂಡ ಕಟ್ಟಿಸುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆದರೆ ಅಲ್ಲಿ ಇದು ಬರೀ ದನದ ತಕರಾರಲ್ಲ. ಅಗವಾಮ್‌ರ ಹೊಲಕ್ಕೆ ಬೇಲಿಯೇ ಇರಲಿಲ್ಲ, ಯಾಕೆಂದರೆ ಅವರಿಗೆ ದನವೇ ಇರಲಿಲ್ಲ. ಬೇಲಿ ಯಾರು ಹಾಕಬೇಕು? ಬೆಳೆ ಇಟ್ಟವರೋ, ದನ ತಂದವರೋ? ಪಿಂಚನ್‌ನವರು ಈ ರಗಳೆಯೇ ಬೇಡವೆಂದು ಪಶ್ಚಿಮ ದಡದ ಯೋಚನೆ ಬಿಟ್ಟು ಪೂರ್ವ ದಡಕ್ಕೆ ಬಂದು ಊರು ಹೂಡಿದರು. ಪಶ್ಚಿಮ ದಡದಲ್ಲಿ ಆಗಲೇ ಕಟ್ಟಿದ್ದ ಮನೆ ಅಲ್ಲೇ ಉಳಿಯಿತು.

ಇನ್ನೊಂದು ತೊಡಕೂ ಇತ್ತು. ಪಿಂಚನ್ ಇದನ್ನು ಕ್ರಯ ಅಂದುಕೊಂಡಿದ್ದ. ಮೀನು, ಜಿಂಕೆ, ಕಾಯಿ, ಗೆಡ್ಡೆ, ಹೊಲ ಎಲ್ಲ ನಮ್ಮದೇ ಉಳಿದರೆ ಮಾರಿದ್ದು ಏನನ್ನು? ಅಗವಾಮ್‌ರ ಕಡೆಯಿಂದ ನೋಡಿದರೆ ಇದು ‘ನೀವೂ ಇರಿ, ನಾವೂ ಇರುತ್ತೇವೆ’ ಅನ್ನುವ ಒಪ್ಪಂದಕ್ಕೆ ಹತ್ತಿರ.

ಹೊಸ ಊರಿಗೆ ಮೊದಲು ಅಗವಾಮ್ ಅಂತಲೇ ಹೆಸರು. 1640ರಲ್ಲಿ ಪಿಂಚನ್ ಹುಟ್ಟೂರಿನ ಹೆಸರಿಟ್ಟು ಸ್ಪ್ರಿಂಗ್‌ಫೀಲ್ಡ್ ಮಾಡಿದರು. ಬಾಸ್ಕೆಟ್‌ಬಾಲ್ ಆಟ ಹುಟ್ಟಿದ ಊರು ಅಂತ ಇವತ್ತು ಹೆಸರಾಗಿರುವುದು ಇದೇ ಸ್ಪ್ರಿಂಗ್‌ಫೀಲ್ಡ್.

ಜೋಳದ ಜಗಳ, ಸುಂಕದ ಜಗಳ

ಊರು ಮೊದಲೆರಡು ವರ್ಷ ಕೆಳಗಿನ ಕನೆಕ್ಟಿಕಟ್ ವಸಾಹತಿನ ಜೊತೆಗಿತ್ತು. 1637ರಲ್ಲಿ ಪೀಕ್ವಾಟ್ ಅನ್ನುವ ಮೂಲನಿವಾಸಿಗಳ ಮೇಲೆ ಯುದ್ಧ ನಡೆಯಿತು. ಬೆನ್ನಿಗೇ ಕೆಟ್ಟ ಚಳಿಗಾಲ, ಕನೆಕ್ಟಿಕಟ್ಟಿನಲ್ಲಿ ಹಸಿವು. ಮೂಲನಿವಾಸಿಗಳಿಂದ ಮೆಕ್ಕೆಜೋಳ ಕೊಂಡು ತರುವ ಕೆಲಸವನ್ನು ಪಿಂಚನ್‌ಗೆ ಕೊಟ್ಟರು, ದರವನ್ನೂ ಅವರೇ ನಿಗದಿ ಮಾಡಿದರು. ಆ ದರಕ್ಕೆ ಜೋಳ ಸಿಗಲಿಲ್ಲ. ಮಾರುವವರು ತಡೆದು ನೋಡೋಣ ಅಂದರು.

ಆಗ ಕನೆಕ್ಟಿಕಟ್‌ನವರು ಯುದ್ಧದ ಮುಂದಾಳು ಕ್ಯಾಪ್ಟನ್ ಜಾನ್ ಮೇಸನ್‌ನನ್ನು ಕಳಿಸಿದರು. ಹೆದರಿಸಿಯಾದರೂ ಜೋಳ ತರಬೇಕು ಅನ್ನುವುದು ಮೇಸನ್ ಲೆಕ್ಕಾಚಾರ. ಪಿಂಚನ್ ಒಪ್ಪಲಿಲ್ಲ. ಬಂದೂಕು ತೋರಿಸಿದರೆ ಇವತ್ತು ಜೋಳ ಸಿಗಬಹುದು, ನಾಳೆ ತೊಗಲೂ ಇಲ್ಲ, ನೆಮ್ಮದಿಯೂ ಇಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಕೊನೆಗೆ ಉತ್ತರದ ಪೋಕಮ್‌ಟಕ್ ಜನ ದೋಣಿಗಳಲ್ಲಿ ಜೋಳ ತುಂಬಿ ಕೆಳಗೆ ತಂದರು. ಊರುಗಳು ಬದುಕಿಕೊಂಡವು. ಆದರೆ ಕನೆಕ್ಟಿಕಟ್‌ನವರು ‘ಲಾಭಕ್ಕಾಗಿ ಜೋಳ ತಡೆದ’ ಎಂದು ಪಿಂಚನ್ ಮೇಲೆ ಆರೋಪ ಹೊರಿಸಿ 40 ಬುಷೆಲ್ ಜೋಳದ ದಂಡ ಹಾಕಿದರು. ಬುಷೆಲ್ ನಮ್ಮ ಸೇರು-ಕೊಳಗದಂಥ ಅಳತೆ, ಸುಮಾರು 35 ಲೀಟರ್. ಹಾರ್ಟ್‌ಫರ್ಡ್‌ನ ಹೆಸರಾಂತ ಪಾದ್ರಿ ಥಾಮಸ್ ಹೂಕರ್ ಕೂಡ ಅವನ ವಿರುದ್ಧ ನಿಂತ.

ಪಿಂಚನ್‌ಗೆ ಸಾಕಾಯಿತು. ಊರನ್ನು ಎತ್ತಿ ಮ್ಯಾಸಚೂಸೆಟ್ಸ್ ಕಡೆಗೆ ಸೇರಿಸಿದ. ನಕ್ಷೆಯಲ್ಲಿ ನೋಡಿದರೆ ಕನೆಕ್ಟಿಕಟ್ ನದಿ ಹಾಗೇ ಕೆಳಗೆ ಹರಿಯುತ್ತದೆ, ಸ್ಪ್ರಿಂಗ್‌ಫೀಲ್ಡ್ ಮಾತ್ರ ಇನ್ನೊಂದು ರಾಜ್ಯದಲ್ಲಿದೆ. ಅದರ ಬೇರು ಈ ಜೋಳದ ಜಗಳದಲ್ಲಿದೆ.

ಕನೆಕ್ಟಿಕಟ್ ಸುಮ್ಮನಾಗಲಿಲ್ಲ. ನದಿ ಸಮುದ್ರ ಸೇರುವ ಸೇಬ್ರೂಕ್‌ನಲ್ಲಿದ್ದ ಕೋಟೆಯನ್ನು 1644ರಲ್ಲಿ ಕೊಂಡು, ಹಾದುಹೋಗುವ ಸರಕಿಗೆಲ್ಲ ಸುಂಕ ಹಾಕಿತು. ನಾವು ನಿಮ್ಮ ವಸಾಹತಿನವರೇ ಅಲ್ಲ, ನಿಮ್ಮ ಕೋಟೆಯಿಂದ ನಮಗೇನು ಉಪಯೋಗ ಎಂದು ಪಿಂಚನ್ ವಾದಿಸಿದ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗಾಯಿತು. ಕೊನೆಗೆ 1649ರಲ್ಲಿ ಮ್ಯಾಸಚೂಸೆಟ್ಸ್ ಬಾಸ್ಟನ್ ಬಂದರಿಗೆ ಬರುವ ಕನೆಕ್ಟಿಕಟ್ ಮಾಲಿಗೂ ಸುಂಕ ಹೇರಿತು. ಒಂದೇ ದೇವರು, ಒಂದೇ ರಾಜ್ಯದಿಂದ ಬಂದ ಜನ, ಆದರೂ ಗೇಟ್ ಹಾಕಿಕೊಂಡು ಕೂತರು.

ಪಟೇಲ, ಶಾನುಭೋಗ, ಸಾಹುಕಾರ: ಮೂರೂ ಒಬ್ಬನೇ

ಕನೆಕ್ಟಿಕಟ್ ಬಿಟ್ಟ ಮೇಲೆ ಊರಿಗೆ ಕೋರ್ಟೇ ಇಲ್ಲದ ಹಾಗಾಯಿತು. ಬಾಸ್ಟನ್ ಕಾಡುದಾರಿಯಲ್ಲಿ ದಿನಗಟ್ಟಲೆ ದೂರ. 1639ರ ಫೆಬ್ರವರಿಯಲ್ಲಿ ಜನ ಸೇರಿ, ಬಾಸ್ಟನ್ನಿನಿಂದ ಬೇರೆ ಅಪ್ಪಣೆ ಬರುವವರೆಗೆ ಪಿಂಚನ್‌ನೇ ಮ್ಯಾಜಿಸ್ಟ್ರೇಟ್ ಎಂದು ತೀರ್ಮಾನಿಸಿದರು. ಇಂಗ್ಲಿಷ್ ಪದ್ಧತಿಯಂತೆ 12 ಜನರ ಜ್ಯೂರಿ ಬೇಕು. ಜ್ಯೂರಿ ಅಂದರೆ ಸಾಕ್ಷಿ ಕೇಳಿ ತೀರ್ಪು ಹೇಳುವ ಊರಿನ ಸಾಮಾನ್ಯ ಜನ. ಅಷ್ಟು ಗಂಡಸರನ್ನು ಎಲ್ಲಿಂದ ತರುವುದು? ಆರು ಜನ ಸಾಕು ಎಂದು ಮಾಡಿಕೊಂಡರು.

ಊರಿನ ದಿನನಿತ್ಯದ ಕೆಲಸಕ್ಕೆ ‘ಟೌನ್ ಮೀಟಿಂಗ್’ ಇತ್ತು. ನಮ್ಮ ಗ್ರಾಮಸಭೆಯ ಹಾಗೆ. ರಸ್ತೆ, ಬೇಲಿ, ಹಂದಿ, ಜಮೀನು ಹಂಚಿಕೆ ಎಲ್ಲ ಅಲ್ಲೇ. ಬಾಸ್ಟನ್ನಿನಲ್ಲಿ ಕೂಡುತ್ತಿದ್ದ ‘ಜನರಲ್ ಕೋರ್ಟ್’ ಹೆಸರಿಗೆ ಕೋರ್ಟು. ಕೆಲಸದಲ್ಲಿ ಅದೇ ವಿಧಾನಸಭೆ, ಅದೇ ಹೈಕೋರ್ಟು. ವಸಾಹತಿನ ಚುನಾವಣೆಯಲ್ಲಿ ವೋಟು ಹಾಕಲು ಚರ್ಚಿನ ಸದಸ್ಯನಾಗಿರಬೇಕು ಎಂದು 1631ರಲ್ಲೇ ನಿಯಮ ಮಾಡಿದ್ದರು. ಹೆಂಗಸರಿಗೆ ವೋಟಿನ ಮಾತೇ ಇಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಟೇಲನ ಕೆಲಸ ಬೇರೆ, ಶಾನುಭೋಗನ ಲೆಕ್ಕ ಬೇರೆ, ಸಾಹುಕಾರನ ಅಂಗಡಿ ಬೇರೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ಇವೆಲ್ಲ ಒಂದೇ ಮನೆಯಲ್ಲಿದ್ದವು. ಉಪ್ಪು, ಬಟ್ಟೆ, ಮೊಳೆ ಸಾಲಕ್ಕೆ ಬೇಕಿದ್ದರೆ ಪಿಂಚನ್ ಹತ್ತಿರ ಹೋಗಬೇಕು. ಕೂಲಿ ಕೊಡುವವನೂ ಅವನೇ. ಸಾಲ ತೀರಿಸಲಿಲ್ಲವೆಂದು ತಕರಾರು ಬಂದರೆ ಕೇಳುವವನೂ ಅವನೇ. ಹಾಗೆಂದು ಅವನ ದಾಖಲೆಯಲ್ಲಿ ಜನ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಪಾದ್ರಿ ಜಾರ್ಜ್ ಮಾಕ್ಸನ್ ತನ್ನ ಮರ್ಯಾದೆ ತೆಗೆದನೆಂದು ಜಾನ್ ವುಡ್‌ಕಾಕ್ ಅನ್ನುವವನ ಮೇಲೆ ಕೇಸು ಹಾಕಿದ್ದ. ಅದೇ ವುಡ್‌ಕಾಕ್ ಪ್ರವಚನದ ಹೊತ್ತಿನಲ್ಲಿ ನಕ್ಕನೆಂಬ ಇನ್ನೊಂದು ದೂರೂ ಇದೆ. ಇವನ ಹೆಸರು ಎಷ್ಟು ಸಲ ಬರುತ್ತದೆಂದರೆ, ಓದುತ್ತಾ ಓದುತ್ತಾ ನಮ್ಮೂರಿನ ಯಾರೋ ಒಬ್ಬರ ಮುಖ ಕಣ್ಣಮುಂದೆ ಬರುತ್ತದೆ.

ಮೂಲನಿವಾಸಿಗಳ ವಿಷಯದಲ್ಲಿ ಪಿಂಚನ್ ಬಾಸ್ಟನ್‌ಗೇ ಎದುರು ಬರೆದ ಒಂದು ಪತ್ರ ಪ್ರಸಿದ್ಧ. 1648ರಲ್ಲಿ ಅವರವರಲ್ಲೇ ನಡೆದ ಕೊಲೆಗಳ ಆರೋಪಿಗಳನ್ನು ಹಿಡಿದು ಕಳಿಸಬೇಕೆಂಬ ಮಾತು ಬಂತು. ಅವರ ನೆಲ ನಿಮ್ಮ ಸನ್ನದಿನ ಗೆರೆಯೊಳಗೆ ಬರಬಹುದು, ಅದರಿಂದ ಅವರು ನಿಮ್ಮ ಪ್ರಜೆಗಳಾಗುವುದಿಲ್ಲ, ತಾವಾಗಿ ಒಪ್ಪಿಕೊಂಡು ನೆಲ ಮಾರುವವರೆಗೆ ಅವರು ಸ್ವತಂತ್ರರು ಎಂದು ಪಿಂಚನ್ ಗವರ್ನರ್ ವಿಂಥ್ರಾಪ್‌ಗೆ ಬರೆದ. ಇದರಲ್ಲಿ ನ್ಯಾಯವೂ ಇತ್ತು, ವ್ಯಾಪಾರವೂ ಇತ್ತು. ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಚೀಲದಲ್ಲಿ ಸೀಳಿದ ಕಡುಬು

1649ರಲ್ಲಿ ಮೇರಿ ಪಾರ್ಸನ್ಸ್ ಅನ್ನುವವಳು ‘ವಿಧವೆ ಮಾರ್ಷ್‌ಫೀಲ್ಡ್ ಮಾಟಗಾತಿ’ ಎಂದು ಹೇಳಿಕೊಂಡು ತಿರುಗಿದಳು. ಪಿಂಚನ್ ಇದನ್ನು ಮಾನಹಾನಿ ಎಂದು ತೀರ್ಮಾನಿಸಿದ. 20 ಛಡಿ ಏಟು, ಇಲ್ಲವೇ ಆ ವಿಧವೆಗೆ 3 ಪೌಂಡ್ ಪರಿಹಾರ. ಮೇರಿಯ ಗಂಡ, ಇಟ್ಟಿಗೆ ಮಾಡುವ ಹ್ಯೂ ಪಾರ್ಸನ್ಸ್, 24 ಬುಷೆಲ್ ಜೋಳ ಮತ್ತು 20 ಶಿಲಿಂಗ್ ಕೊಟ್ಟು ತೀರಿಸಿದ. ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ನಿ. ಅಂದರೆ ಈ 3 ಪೌಂಡ್, ‘ತಲೆ ಒಡೀತೀನಿ’ ಎಂದದ್ದಕ್ಕೆ ಹಾಕಿದ ದಂಡದ 60 ಪಟ್ಟು.

ಎರಡೇ ವರ್ಷದಲ್ಲಿ ಅದೇ ಮಾತು ಹ್ಯೂ ಮೇಲೆ ತಿರುಗಿತು. ಹೇಳಿದವರಲ್ಲಿ ಸ್ವತಃ ಹೆಂಡತಿಯೂ ಒಬ್ಬಳು. 1651ರ ಆರಂಭದಲ್ಲಿ ಪಿಂಚನ್ ಊರವರ ಸಾಕ್ಷಿಗಳನ್ನು ಬರೆದುಕೊಂಡ. ಲ್ಯಾಂಗ್ಟನ್ ದಂಪತಿಯ ಸಾಕ್ಷಿ ನೋಡಿ. ಹಿಟ್ಟನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ, ಪುಡಿಂಗ್ ಅನ್ನುತ್ತಾರೆ. ನಮ್ಮ ಕಡುಬಿನ ಹಾಗೆ ಅಂದುಕೊಳ್ಳಿ. ಚೀಲದಿಂದ ಜಾರಿಸಿದರೆ ಕಡುಬು ಚಾಕುವಿನಲ್ಲಿ ಕೊಯ್ದ ಹಾಗೆ ಉದ್ದಕ್ಕೆ ಸೀಳಿತ್ತು. ಒಂದು ಸಲವಲ್ಲ, ಇನ್ನೊಂದು ಸಲವೂ. ಮಾಟ ಮಾಡಿದವರು ಯಾರೆಂದು ತಿಳಿಯಲು ಅದರ ಚೂರೊಂದನ್ನು ಒಲೆಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದವನು ಹ್ಯೂ ಪಾರ್ಸನ್ಸ್. ಅವನು ಯಾವುದೋ ಕೆಲಸಕ್ಕೆ ಬಂದಿರಬಹುದು ಎಂದು ಅವರಿಗೆ ಅನ್ನಿಸಲಿಲ್ಲ.

ಪಾರ್ಸನ್ಸ್ ಗಂಡಹೆಂಡತಿಯ ಕೇಸು ಬಾಸ್ಟನ್ನಿಗೆ ಹೋಯಿತು. 1651ರ ಮೇನಲ್ಲಿ ಮೇರಿಯ ಮೇಲಿನ ಮಾಟದ ಆರೋಪ ಬಿದ್ದುಹೋಯಿತು. ಆದರೆ ತನ್ನ ಮಗುವನ್ನು ತಾನೇ ಕೊಂದೆ ಎಂದು ಅವಳು ಒಪ್ಪಿಕೊಂಡಿದ್ದರಿಂದ ಮರಣದಂಡನೆ ಆಯಿತು. ಅದನ್ನು ಮುಂದೂಡಿದರು. ಜೈಲಿನಲ್ಲೇ ಸತ್ತಳೆಂದು ಇತಿಹಾಸಕಾರರು ನಂಬುತ್ತಾರೆ. ಹ್ಯೂ ತಪ್ಪಿತಸ್ಥ ಎಂದು 1652ರಲ್ಲಿ ಜ್ಯೂರಿ ಹೇಳಿತು, ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ, ಜನರಲ್ ಕೋರ್ಟ್ ಬಿಟ್ಟುಬಿಟ್ಟಿತು. ಮ್ಯಾಸಚೂಸೆಟ್ಸಿನದೇ ಸೇಲಂ ಊರಿನಲ್ಲಿ ಮಾಟದ ಆರೋಪದ ಮೇಲೆ ಹಲವರನ್ನು ಗಲ್ಲಿಗೇರಿಸಿದ ಪ್ರಸಿದ್ಧ ವಿಚಾರಣೆಗೆ ಇನ್ನೂ 40 ವರ್ಷವಿತ್ತು.

ಮೇರಿಯ ವಿಚಾರಣೆ ನಡೆದ ಅದೇ ಮೇ ತಿಂಗಳಲ್ಲಿ ಬಾಸ್ಟನ್ನಿನಲ್ಲಿ ಇನ್ನೊಬ್ಬನೂ ಕಟಕಟೆಯ ಕಡೆ ನಿಂತಿದ್ದ. ಸಾಕ್ಷಿ ಬರೆದುಕೊಂಡ ಪಿಂಚನ್.

ಪುಸ್ತಕದಲ್ಲಿ ಅಂಥದ್ದೇನಿತ್ತು?

ಪುಸ್ತಕ ಅಚ್ಚಾದದ್ದು 1650ರಲ್ಲಿ, ಲಂಡನ್ನಿನಲ್ಲಿ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನಮ್ಮ ಬಿಡುಗಡೆಗೆ ತೆತ್ತ ಯೋಗ್ಯ ಬೆಲೆ’. ಮುಖಪುಟದಲ್ಲೇ ‘ನ್ಯೂ ಇಂಗ್ಲೆಂಡಿನ’ ವಿಲಿಯಂ ಪಿಂಚನ್ ಎಂದಿತ್ತು. ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಎಲ್ಲ ಇರುವ ಆ ಪ್ರಾಂತಕ್ಕೆ ನ್ಯೂ ಇಂಗ್ಲೆಂಡ್ ಎಂದು ಹೆಸರು.

ಯೇಸು ಮನುಷ್ಯರ ಪಾಪಕ್ಕೆ ಬೆಲೆ ತೆತ್ತ ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಹೇಗೆ ತೆತ್ತ, ಅದೇ ಪ್ರಶ್ನೆ. ಒಂದು ಮನೆ ಇದೆ ಅಂದುಕೊಳ್ಳಿ. ತಮ್ಮ ತಪ್ಪು ಮಾಡಿದ್ದಾನೆ, ಜೈಲು ಶಿಕ್ಷೆ ಆಗಿದೆ. ಅಣ್ಣ ‘ನಾನು ಹೋಗುತ್ತೇನೆ’ ಎಂದು ತಮ್ಮನ ಜಾಗದಲ್ಲಿ ಆ ಶಿಕ್ಷೆಯನ್ನೇ ಅನುಭವಿಸುತ್ತಾನೆ. ಪ್ಯೂರಿಟನ್ ಪಾದ್ರಿಗಳು ಹೇಳುತ್ತಿದ್ದದ್ದು ಇದನ್ನು. ಪಾಪಿಗಳ ಮೇಲೆ ಬೀಳಬೇಕಿದ್ದ ದೇವರ ಕೋಪ ಯೇಸುವಿನ ಮೇಲೆ ಬಿತ್ತು, ನರಕದ ಸಂಕಟವನ್ನೇ ಅವನು ಉಂಡ.

ಪಿಂಚನ್ ಇದನ್ನು ಒಪ್ಪಲಿಲ್ಲ. ತಪ್ಪೇ ಮಾಡದ ಮಗನ ಮೇಲೆ ತಂದೆ ಯಾಕೆ ಕೋಪ ಮಾಡಿಕೊಳ್ಳುತ್ತಾನೆ? ಅಣ್ಣ ಜೈಲಿಗೆ ಹೋಗಲೇ ಇಲ್ಲ. ಸಾಯುವವರೆಗೂ ಮಾತು ಮೀರದೆ ನಡೆದುಕೊಂಡ, ಆ ನಡತೆಯೇ ತಮ್ಮನ ಬಾಕಿಯನ್ನು ತೀರಿಸಿತು. ಹಿಂಸೆ ಕೊಟ್ಟದ್ದು ಮನುಷ್ಯರು ಮತ್ತು ಸೈತಾನ, ದೇವರಲ್ಲ. ಬೆಲೆ ನರಕದ ನೋವಲ್ಲ, ಪೂರ್ತಿ ವಿಧೇಯತೆ.

ನಮಗೆ ಇದು ಕೂದಲು ಸೀಳುವ ವಾದ ಅನ್ನಿಸಬಹುದು. ಅವರಿಗೆ ಅದು ಮನೆಯ ಅಡಿಪಾಯ. ಇನ್ನೊಂದು ಭಯವೂ ಇತ್ತು. 1649ರಲ್ಲಿ ಇಂಗ್ಲೆಂಡಿನಲ್ಲಿ ರಾಜನ ತಲೆಯನ್ನೇ ಕಡಿದಿದ್ದರು, ದಿನಕ್ಕೊಂದು ಪಂಥ ಹುಟ್ಟುತ್ತಿತ್ತು. ‘ನ್ಯೂ ಇಂಗ್ಲೆಂಡಿನವರು ದಾರಿ ತಪ್ಪಿದರು’ ಎಂದು ಲಂಡನ್ನಿನಲ್ಲಿ ಯಾರೂ ಬೆರಳು ತೋರಿಸಬಾರದು. ಬರೆದವನು ಯಾರೋ ದಾರಿಹೋಕನಲ್ಲ, ಸನ್ನದಿನಲ್ಲೇ ಹೆಸರಿರುವ ಮ್ಯಾಜಿಸ್ಟ್ರೇಟ್. ಅದಕ್ಕೇ ಅಕ್ಟೋಬರಿನಲ್ಲಿ ಪುಸ್ತಕ ಬಾಸ್ಟನ್ನಿಗೆ ಬಂದ ಕೂಡಲೇ ಜನರಲ್ ಕೋರ್ಟ್ ಅದನ್ನು ಖಂಡಿಸಿ, ಸುಡಲು ಹೇಳಿ, ಉತ್ತರ ಬರೆಯುವ ಕೆಲಸವನ್ನು ಪಾದ್ರಿ ಜಾನ್ ನಾರ್ಟನ್‌ಗೆ ವಹಿಸಿತು. ಹಿಂದೆ ಇದೇ ವಸಾಹತಿನ ಗವರ್ನರ್ ಆಗಿದ್ದ ಸರ್ ಹೆನ್ರಿ ವೇನ್ ಮತ್ತಿತರರು ಇಂಗ್ಲೆಂಡಿನಿಂದ ಪಿಂಚನ್ ಪರವಾಗಿ ಪತ್ರ ಬರೆದರು. ಕೋರ್ಟು ಬಗ್ಗಲಿಲ್ಲ.

ವಾಪಸ್ ಹೋದವನು, ಉಳಿದವರು

1651ರ ಮೇನಲ್ಲಿ ಪಿಂಚನ್ ಪಾದ್ರಿಗಳ ಜೊತೆ ಮಾತಾಡಿ, ತನ್ನ ಮಾತನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡ. ಕೋರ್ಟು ಅಕ್ಟೋಬರಿಗೆ ಮತ್ತೆ ಬಾ ಅಂದಿತು. ಸ್ಪ್ರಿಂಗ್‌ಫೀಲ್ಡಿನ ಮ್ಯಾಜಿಸ್ಟ್ರೇಟ್ ಕುರ್ಚಿಗೆ ಅವನ ಬದಲು ಹೆನ್ರಿ ಸ್ಮಿತ್‌ನನ್ನು ಕೂರಿಸಿತು. ಅದೇ ಮಲಮಗ, ಅದೇ ಅಳಿಯ.

ಅಕ್ಟೋಬರಿಗೆ ಮುಂಚೆ, ಸೆಪ್ಟೆಂಬರಿನಲ್ಲಿ, ಪಿಂಚನ್ ತನ್ನ ಜಮೀನನ್ನೆಲ್ಲ ಮಗ ಜಾನ್ ಹೆಸರಿಗೆ ಬರೆದ. ಕೋರ್ಟಿಗೆ ಹೋಗಲಿಲ್ಲ. 1652ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ. ಪಾದ್ರಿ ಮಾಕ್ಸನ್ ಹೋದ, ಹೆನ್ರಿ ಸ್ಮಿತ್ ಕೂಡ ಹೋದ. ಪಿಂಚನ್ ಲಂಡನ್ನಿಗೆ ಹತ್ತಿರದ ರೇಸ್‌ಬರಿಯಲ್ಲಿ ನೆಲೆಸಿದ. ಬರೆಯುವುದನ್ನು ಬಿಡಲಿಲ್ಲ. ನಾರ್ಟನ್ ಬರೆದ ಉತ್ತರಕ್ಕೆ 1655ರಲ್ಲಿ ಮರು ಉತ್ತರ ಅಚ್ಚು ಹಾಕಿಸಿದ. 1662ರಲ್ಲಿ ಅಲ್ಲೇ ತೀರಿಕೊಂಡ. ಸುಡಿಸಿದ ಪುಸ್ತಕದ ಬೆರಳೆಣಿಕೆಯ ಪ್ರತಿಗಳು ಮಾತ್ರ ಇವತ್ತು ಉಳಿದಿವೆ.

ಊರಲ್ಲಿ ಉಳಿದವರು ಮಗ ಜಾನ್ ಮತ್ತು ಇನ್ನೊಬ್ಬ ಅಳಿಯ ಎಲೈಜರ್ ಹೋಲಿಯೋಕ್. ಹತ್ತಿರದ ಬೆಟ್ಟಕ್ಕೆ ಈ ಅಳಿಯನ ಹೆಸರು ಬಂತು. ಆ ಬೆಟ್ಟದ ಹೆಸರು 1837ರಲ್ಲಿ ಶುರುವಾದ ಹೆಣ್ಣುಮಕ್ಕಳ ಕಾಲೇಜಿಗೂ ಬಂತು. ಜಾನ್ ಅಪ್ಪನಿಗಿಂತ ದೊಡ್ಡ ಸಾಹುಕಾರನಾದ. ಬೀವರ್ ಕಡಿಮೆಯಾದಂತೆ ವ್ಯಾಪಾರ ಜಮೀನಿಗೆ ಹೊರಳಿತು. ಜಮೀನಿಗೆ ಹೊರಳಿದ ಮೇಲೆ ‘ನೀವೂ ಇರಿ, ನಾವೂ ಇರುತ್ತೇವೆ’ ಎಂಬುದಕ್ಕೆ ಜಾಗ ಉಳಿಯಲಿಲ್ಲ. 1675ರ ಅಕ್ಟೋಬರ್ 5ರಂದು, ಆ ಪ್ರಾಂತವನ್ನೆಲ್ಲ ಆವರಿಸಿದ್ದ ಯುದ್ಧದ ನಡುವೆ, ಅಗವಾಮ್‌ರು ಮತ್ತು ಜೊತೆಗಾರರು ಸ್ಪ್ರಿಂಗ್‌ಫೀಲ್ಡಿಗೆ ಬೆಂಕಿ ಇಟ್ಟರು. ಹೆಚ್ಚಿನ ಮನೆಗಳು ಸುಟ್ಟುಹೋದವು. ಊರು ಕಾಯಬೇಕಿದ್ದ ಜಾನ್ ಆ ದಿನ ಪಡೆಯ ಜೊತೆ ನದಿಯ ಮೇಲ್ಗಡೆಯ ಹ್ಯಾಡ್ಲಿ ಅನ್ನುವ ಊರಿನಲ್ಲಿದ್ದ.

ತೀರ್ಪಿನ ಪುಸ್ತಕ ಮಾತ್ರ ಉಳಿದುಬಂತು. ಅಪ್ಪ ಶುರುಮಾಡಿದ್ದನ್ನು ಮಗ 1702ರವರೆಗೆ ಬರೆದ. ಅದರಲ್ಲಿ 1639ರ ನವೆಂಬರಿನಲ್ಲಿ ದಾಖಲಾದ ಕೇಸು ನಮ್ಮ ಹಳೇ ಪರಿಚಯದ ಜಾನ್ ವುಡ್‌ಕಾಕ್‌ನದು. ಒಂದು ಮನೆ ಕಟ್ಟುವಾಗ ಮಾಡಿದ ಕೆಲಸದ ಕೂಲಿ ಬಾಕಿ ಇದೆ ಅನ್ನುವುದು ಅವನ ದೂರು. ಯಾವ ಮನೆ ಅಂದರೆ, ದನ-ಜೋಳದ ರಗಳೆ ಬೇಡವೆಂದು ಎಲ್ಲರೂ ಬಿಟ್ಟು ಬಂದ, ನದಿಯಾಚೆಯ ಅಗವಾಮ್ ದಡದ ಆ ಮನೆ.